ವಿಕಿರಣಕ್ಕೆ ರಬ್ಬರಿನ ಕವಚ

ಕ್ಷ-ಕಿರಣ ಕೊಠಡಿಯ ಗೋಡೆಗೆ ತೂಗುಹಾಕಿರುವ ಏಪ್ರನ್ ನಮ್ಮಲ್ಲಿ ಬಹುತೇಕರಿಗೆ ಪರಿಚಿತವಾದುದೇ. ಮುಟ್ಟಿದರೆ ರಬ್ಬರು, ಎತ್ತಿದರೆ ಕಲ್ಲು. ಜನರು ಅದನ್ನು ಸೀಸದ ಅಂಗಿ ಎನ್ನುತ್ತಾರಾದರೂ ಒಳಗೆ ಸೀಸದ ತಗಡಿರುವುದಿಲ್ಲ. ಸೀಸದ ನುಣುಪಾದ ಪುಡಿಯನ್ನು ರಬ್ಬರಿನಲ್ಲಿ ಅಥವಾ ವಿನೈಲ್ ಪ್ಲಾಸ್ಟಿಕ್‌ನಲ್ಲಿ ಬೆರೆಸಿ, ಹಾಳೆಯಾಗಿಸಿ, ಮೇಲೆ ಬಟ್ಟೆ ಹೊದಿಸಿದ ಸಂಯೋಜಿತ ವಸ್ತು ಅದು. ಇಂತಹ ಬಾಗುವ ಕವಚಗಳು ಯಾವುದನ್ನು ತಡೆಯುತ್ತವೆ, ಯಾವುದನ್ನು ತಡೆಯಲಾರವು, ಅವನ್ನು ತೊಡಬೇಕಾದವರು ಯಾರು ಎಂಬುದನ್ನು ಇಲ್ಲಿ ತಿಳಿಸಲು ಯತ್ನಿಸಿದ್ದೇವೆ.

ಸೀಸದ ಪರಮಾಣು ಸಂಖ್ಯೆ 82. ಅದು ಒಂದು ಘನ ಸೆಂಟಿಮೀಟರಿಗೆ 11.34 ಗ್ರಾಂ ತೂಗುತ್ತದೆ. ಭಾರವಾದ ಪರಮಾಣುಗಳು ಕ್ಷ-ಕಿರಣಗಳನ್ನು ಚೆನ್ನಾಗಿ ಹೀರುತ್ತವೆ. ಆದರೆ ಸೀಸದ ತೆಳು ತಗಡನ್ನು ಮೈಗೆ ಸುತ್ತಿಕೊಂಡು ದುಡಿಯಲಾಗದು. ಪದೇ ಪದೇ ಮಡಿಸಿದರೆ ಅದು ಸೀಳುತ್ತದೆ. ರಬ್ಬರು ಬೇಕಾಗುವುದು ಇಲ್ಲಿಯೇ. ಪುಡಿ ಹೆಚ್ಚಾದರೆ ಹಾಳೆ ಪೆಡಸಾಗಿ ಬಿರಿಯುತ್ತದೆ, ಕಡಿಮೆಯಾದರೆ ಕವಚ ದುರ್ಬಲವಾಗುತ್ತದೆ, ಸಮನಾಗಿ ಹರಡದಿದ್ದರೆ ಕಿರಣಗಳು ನುಸುಳಲು ದಾರಿಯಾಗುತ್ತದೆ. ಸುಳ್ಯ, ಬೆಳ್ತಂಗಡಿಯ ಕಡೆಯ ನಮ್ಮ ಓದುಗರು ತೋಟದಂಗಳದಲ್ಲಿ ರಬ್ಬರು ಹಾಳೆಗಳು ಒಣಗುವುದನ್ನು ಕಂಡವರೇ. ಆ ವಸ್ತು ತನ್ನ ತೂಕದ ಹಲವು ಪಟ್ಟು ಲೋಹದ ಪುಡಿಯನ್ನು ಹೊತ್ತೂ ಬಾಗಬಲ್ಲದು ಎಂಬುದು ಸೋಜಿಗವೇ ಸರಿ.

ಕವಚದ ಬಲವನ್ನು ಸೀಸದ ಸಮಾನ ದಪ್ಪದಲ್ಲಿ ಅಳೆಯುವುದು ರೂಢಿ. ಸಾಮಾನ್ಯವಾಗಿ ಅದು 0.25, 0.35 ಅಥವಾ 0.5 ಮಿಲಿಮೀಟರ್. 0.5 ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಸೀಸವೇ ಸುಮಾರು 5.7 ಕಿಲೋ ತೂಗುತ್ತದೆ. ರಬ್ಬರು, ಬಟ್ಟೆಗಳ ತೂಕ ಬೇರೆ. ಹೃದಯದ ರಕ್ತನಾಳಗಳ ಚಿಕಿತ್ಸೆ ನಡೆಸುವ ವೈದ್ಯರೂ ದಾದಿಯರೂ ಇದನ್ನು ಹೊತ್ತು ಗಂಟೆಗಟ್ಟಲೆ ನಿಲ್ಲುತ್ತಾರೆ. ಅವರ ಬೆನ್ನು ಕುತ್ತಿಗೆಗಳ ನೋವಿಗೆ ಈ ಭಾರವೂ ಒಂದು ಕಾರಣ. ಅವರನ್ನು ತಲುಪುವುದು ಬಹುಮಟ್ಟಿಗೆ ಯಂತ್ರದ ನೇರ ಕಿರಣವಲ್ಲ, ರೋಗಿಯ ದೇಹಕ್ಕೆ ಬಡಿದು ಚದುರಿದ ಕಿರಣ. ಅದರ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ಇಂತಹ ಅಂಗಿ ತಡೆಯಬಲ್ಲದು.

ಭಾರವನ್ನು ತಗ್ಗಿಸಲೆಂದೂ ಸೀಸದ ವಿಷವನ್ನು ದೂರವಿಡಲೆಂದೂ ತವರ, ಆಂಟಿಮನಿ, ಬೇರಿಯಂ ಸಲ್ಫೇಟ್, ಟಂಗ್‌ಸ್ಟನ್, ಬಿಸ್ಮತ್‌ಗಳ ಪುಡಿಯನ್ನು ಬಳಸುವ ಹಾಳೆಗಳು ಬಂದಿವೆ. ಪ್ರತಿ ಧಾತುವಿಗೂ ಒಂದು ಹೊಸ್ತಿಲು ಶಕ್ತಿಯಿದೆ. ಅದನ್ನು ದಾಟಿದೊಡನೆ ಹೀರುವಿಕೆ ಒಮ್ಮೆಲೇ ಏರುತ್ತದೆ. ಸೀಸಕ್ಕೆ ಈ ಹೊಸ್ತಿಲು 88 ಕಿಲೋ ಎಲೆಕ್ಟ್ರಾನ್ ವೋಲ್ಟ್, ತವರಕ್ಕೆ ಕೇವಲ 29. ಆದುದರಿಂದ ಇವೆರಡರ ನಡುವಿನ ಕಿರಣಗಳಿಗೆ ತವರ, ಆಂಟಿಮನಿಗಳು ತಮ್ಮ ತೂಕಕ್ಕೆ ಮೀರಿದ ಕೆಲಸ ಮಾಡುತ್ತವೆ. ಒಂದು ತೊಡಕೂ ಉಂಟು: ಕಿರಣವನ್ನು ಹೀರಿದ ತವರವು ತಾನೇ ಒಂದು ದುರ್ಬಲ ಕ್ಷ-ಕಿರಣವನ್ನು ಹೊಮ್ಮಿಸುತ್ತದೆ. ಅದನ್ನು ಹಿಡಿಯಲು ಮೈಯ ಕಡೆಗೆ ಬಿಸ್ಮತ್‌ನಂತಹ ಭಾರಲೋಹದ ಪದರವನ್ನಿಡುತ್ತಾರೆ.

ಆದರೆ ಕೋಬಾಲ್ಟ್-60ರ ಗಾಮಾ ಕಿರಣದೆದುರು ಇದೇ ಅಂಗಿ ಹೆಚ್ಚುಕಡಿಮೆ ಬರಿಯ ಬಟ್ಟೆ. ಅದನ್ನು ಅರ್ಧಕ್ಕಿಳಿಸಲು ಸುಮಾರು 12 ಮಿಲಿಮೀಟರ್ ಸೀಸ ಬೇಕು, 0.5 ಮಿಲಿಮೀಟರ್ ತಡೆಯುವುದು ನೂರರಲ್ಲಿ ಮೂರು ಪಾಲು ಮಾತ್ರ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿಯಲ್ಲಿ ಹಳೆಯ ಉಪಕರಣವೊಂದರ ದಪ್ಪ ಸೀಸದ ಕವಚವನ್ನು ಬಿಚ್ಚಿದಾಗ ಒಳಗಿದ್ದುದು ಈ ಕೋಬಾಲ್ಟ್. ಒಬ್ಬ ಕಾರ್ಮಿಕನು ಪ್ರಾಣ ತೆತ್ತನು, ಹಲವರು ಆಸ್ಪತ್ರೆ ಸೇರಿದರು. ಇಂತಹ ಕಡೆ ದಪ್ಪ ಕಾಂಕ್ರೀಟು, ಸೀಸದ ಇಟ್ಟಿಗೆ, ಆಳವಾದ ನೀರು ಇವೇ ಗತಿ. 1956ರಲ್ಲಿ ಟ್ರಾಂಬೆಯಲ್ಲಿ ಆರಂಭವಾದ ಅಪ್ಸರಾ ಪರಮಾಣು ಸ್ಥಾವರದ ಗರ್ಭವನ್ನು ನೀರಿನ ಕೊಳದಲ್ಲಿಯೇ ಮುಳುಗಿಸಿಡಲಾಗಿತ್ತು. ಬಾಗುವ ಹಾಳೆಗೂ ಸ್ಥಾವರಗಳಲ್ಲಿ ಸ್ಥಾನವಿದೆ: ದುರಸ್ತಿಯ ವೇಳೆ ಕೊಳವೆಗಳಿಗೆ ಟಂಗ್‌ಸ್ಟನ್ ಬೆರೆತ ಸಿಲಿಕೋನ್ ರಬ್ಬರನ್ನು ಸುತ್ತುತ್ತಾರೆ.

ನ್ಯೂಟ್ರಾನಿನ ಬಗೆಯೇ ಬೇರೆ. ಅದಕ್ಕೆ ಸೀಸ ಹೆಚ್ಚಿನ ಅಡ್ಡಿಯಲ್ಲ. ತನ್ನಷ್ಟೇ ತೂಕದ ಜಲಜನಕದ ಬೀಜಕ್ಕೆ ಬಡಿದಾಗ ಅದು ವೇಗ ಕಳೆದುಕೊಳ್ಳುತ್ತದೆ. ಬಳಿಕ ಬೋರಾನ್ ಅದನ್ನು ನುಂಗುತ್ತದೆ. ರಬ್ಬರಿನಲ್ಲಿ ಜಲಜನಕ ಧಾರಾಳವಾಗಿರುವುದರಿಂದ ಬೋರಾನ್ ಕಾರ್ಬೈಡ್ ಬೆರೆಸಿದ ರಬ್ಬರು ಹಾಳೆ ಎರಡೂ ಕೆಲಸಗಳಿಗೆ ಒದಗುತ್ತದೆ.

ಇನ್ನು ನಮ್ಮ ಮನೆಗಳಲ್ಲಿ ಆಗಾಗ ಏಳುವ ಪ್ರಶ್ನೆ: ಕ್ಷ-ಕಿರಣ ಚಿತ್ರ ತೆಗೆಸುವಾಗ ನನಗೇಕೆ ಅಂಗಿ ತೊಡಿಸಲಿಲ್ಲ? ಇದು ಅಲಕ್ಷ್ಯವೇ ಆಗಿರಬೇಕೆಂದಿಲ್ಲ. 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವು ರೋಗಿಯ ಜನನಾಂಗ ಹಾಗೂ ಗರ್ಭದ ಮೇಲೆ ಕವಚವಿಡುವ ವಾಡಿಕೆಯನ್ನು ಕೈಬಿಡಲು ಸಲಹೆ ನೀಡಿತು. 2024ರಲ್ಲಿ ಅಲ್ಲಿನ ದಂತವೈದ್ಯರ ಸಂಘವೂ ಹಲ್ಲಿನ ಚಿತ್ರಗಳಿಗೆ ಅಂಗಿ, ಕೊರಳಪಟ್ಟಿ ಬೇಡವೆಂದಿತು. ದೇಹದೊಳಗೇ ಚದುರುವ ಕಿರಣವನ್ನು ಹೊರಗಿನ ಅಂಗಿ ತಡೆಯದು. ಅಂಗಿ ಚಿತ್ರಕ್ಕೆ ಅಡ್ಡ ಬಂದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಕೆಲವು ಯಂತ್ರಗಳು ತಾವಾಗಿಯೇ ಕಿರಣದ ಪ್ರಮಾಣವನ್ನು ಏರಿಸುತ್ತವೆ. ಗರ್ಭಿಣಿಯರು ಮಾತ್ರ ಆ ವಿಷಯವನ್ನು ಮೊದಲೇ ತಿಳಿಸತಕ್ಕದ್ದು.

ಮಗುವನ್ನು ಹಿಡಿದುಕೊಂಡು ಒಳಗೆ ನಿಲ್ಲುವ ತಾಯಿತಂದೆಯರ ಮಾತು ಬೇರೆ. ಅವರು ಅಂಗಿಯನ್ನು ಕೇಳಿ ತೊಡಬೇಕು, ಕೈಗಳನ್ನು ನೇರ ಕಿರಣದಿಂದ ಹೊರಗಿಡಬೇಕು. ಆ ಅಂಗಿಯನ್ನು ಮಡಿಸಿ ಮೂಲೆಗೆಸೆದಿದ್ದರೆ ನಮಗೆ ಅನುಮಾನ ಬರಬೇಕು. ಮಡಿಕೆಯಲ್ಲಿ ರಬ್ಬರು ಬಿರಿಯುತ್ತದೆ, ಮೇಲಿನ ಬಟ್ಟೆಯಿಂದಾಗಿ ಬಿರುಕು ಕಾಣದು. ಆದ್ದರಿಂದಲೇ ಅದನ್ನು ತೂಗುಹಾಕಿಯೇ ಇಡಬೇಕು, ಕಾಲಕಾಲಕ್ಕೆ ಅದರದೇ ಕ್ಷ-ಕಿರಣ ಚಿತ್ರ ತೆಗೆದು ಪರೀಕ್ಷಿಸಬೇಕು. ಬಿರಿದ ಸೀಸದ ಅಂಗಿ ಕಸದ ತೊಟ್ಟಿಗಾಗಲಿ ಗುಜರಿಗಾಗಲಿ ಹೋಗತಕ್ಕದ್ದಲ್ಲ; ಅಪಾಯಕಾರಿ ತ್ಯಾಜ್ಯವೆಂದು ಅದನ್ನು ಬೇರೆಯಾಗಿಯೇ ವಿಲೇವಾರಿ ಮಾಡಬೇಕು.