ವೇವಾ (1849–1896): ಝೂನಿ ಸಮುದಾಯದ ಲಾಮಾನಾ

ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ಝೂನಿ ಮೂಲನಿವಾಸಿಗಳಲ್ಲಿ, ಗಂಡಾಗಿ ಹುಟ್ಟಿ ಹೆಂಗಸರ ಉಡುಪನ್ನು ತೊಟ್ಟು, ಗಂಡುಹೆಣ್ಣುಗಳಿಬ್ಬರಿಗೂ ಸಲ್ಲುವ ಕಸುಬು ಮತ್ತು ಆಚರಣೆಗಳನ್ನು ನಿರ್ವಹಿಸುತ್ತಿದ್ದವರನ್ನು ‘ಲಾಮಾನಾ’ ಎಂದು ಕರೆಯುತ್ತಿದ್ದರು. ಸಮುದಾಯವು ಅವರನ್ನು ಹೊರಗಿಡದೆ, ಪ್ರತ್ಯೇಕವೂ ಗೌರವಯುತವೂ ಆದ ಸ್ಥಾನವನ್ನು ನೀಡಿತ್ತು. ನೇಯ್ಗೆಯಲ್ಲೂ ಮಡಕೆ ಮಾಡುವುದರಲ್ಲೂ ಪಳಗಿದ್ದ ವೇವಾ ಅಂಥವರಲ್ಲಿ ಪ್ರಮುಖರು.

1886ರಲ್ಲಿ ಮಾನವಶಾಸ್ತ್ರಜ್ಞೆ ಮಟಿಲ್ಡಾ ಕಾಕ್ಸ್ ಸ್ಟೀವನ್ಸನ್ ಅವರ ಜೊತೆ ವಾಷಿಂಗ್ಟನ್ ನಗರಕ್ಕೆ ಹೋದ ವೇವಾ, ಅಲ್ಲಿ ಹಲವು ತಿಂಗಳು ತಂಗಿ, ಸ್ಮಿತ್ಸೋನಿಯನ್ ಸಂಸ್ಥೆಯ ವಿದ್ವಾಂಸರಿಗೆ ಝೂನಿ ನೇಯ್ಗೆಯ ಕ್ರಮವನ್ನು ತೋರಿಸಿಕೊಟ್ಟರಲ್ಲದೆ, ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರನ್ನೂ ಭೇಟಿಯಾದರು. ಆ ಕಾಲದ ಛಾಯಾಚಿತ್ರವೊಂದರಲ್ಲಿ ಅವರು ಸೊಂಟದ ಮಗ್ಗದ ಮುಂದೆ ಕುಳಿತಿದ್ದಾರೆ. ಹಾಸುನೂಲಿನ ಒಂದು ತುದಿಯನ್ನು ಎದುರಿನ ಆಸರೆಗೆ ಕಟ್ಟಿ, ಇನ್ನೊಂದನ್ನು ನಡುವಿನ ಪಟ್ಟಿಗೆ ಬಿಗಿದು, ಮೈಭಾರದಿಂದಲೇ ನೂಲನ್ನು ಸೆಳೆದು ಹಿಡಿಯುವ ಸಾಧನವಿದು. ವೇವಾ ತೀರಿಕೊಂಡಾಗ ಅವರ ದೇಹಕ್ಕೆ ಹೆಂಗಸರ ಉಡುಪಿನ ಜೊತೆ ಷರಾಯಿಯನ್ನೂ ತೊಡಿಸಲಾಯಿತೆಂದು ಸ್ಟೀವನ್ಸನ್ ದಾಖಲಿಸಿದ್ದಾರೆ.

ಇಂಥವರನ್ನು ಹೊರಗಿನ ಬರಹಗಾರರು ಬಹುಕಾಲ ‘ಬರ್ಡಾಷ್’ ಎಂಬ ಹೀನಾರ್ಥದ ಪದದಿಂದ ಗುರುತಿಸಿದ್ದರು. ಅದನ್ನು ನಿರಾಕರಿಸಿದ ಮೂಲನಿವಾಸಿಗಳು 1990ರಲ್ಲಿ ಕೆನಡಾದ ವಿನ್ನಿಪೆಗ್ ಬಳಿ ಸಭೆ ಸೇರಿ, ಒಂದೇ ಜೀವದಲ್ಲಿ ನೆಲೆಸಿದ ಗಂಡು ಮತ್ತು ಹೆಣ್ಣು ಚೇತನಗಳನ್ನು ಸೂಚಿಸುವ ‘ಟೂ-ಸ್ಪಿರಿಟ್’, ಅಂದರೆ ‘ಇಬ್ಬಗೆಯ ಚೇತನ’ ಎಂಬ ಹೆಸರನ್ನು ಸ್ವೀಕರಿಸಿದರು. ಇದು ಹಲವು ಸಮುದಾಯಗಳನ್ನು ಬೆಸೆಯುವ ಸಾಮಾನ್ಯ ಪದವೇ ಹೊರತು, ‘ಲಾಮಾನಾ’ದಂತಹ ಆಯಾ ನುಡಿಯ ಪದಗಳಿಗೆ ಬದಲಿಯಲ್ಲ, ಏಕೆಂದರೆ ಪ್ರತಿಯೊಂದು ಪದವೂ ತನ್ನ ಜನರ ಬದುಕು, ಬಂಧುತ್ವ ಮತ್ತು ನಂಬಿಕೆಗಳನ್ನು ಒಳಗೊಂಡಿದೆ.