ಕ್ಯಾಂಡಿಗೆ ಮೆಣಸು ಹಾಕಿದ್ದು ಆರು?

ಕಳುದ ವರ್ಷ ಏಪ್ರಿಲ್ ರಜೆಲಿ ಅಕ್ಕನ ಮಗಳು ಬೆಂಗ್ಳೂರಿಂದ ಇಚಿಲಂಪಾಡಿಗೆ ಬಂದಿತ್ತು. ನಮ್ಮ ಊರಿನ ಬೆಶಿಲು ನಿಂಗೊಗೆ ಗೊಂತಿಪ್ಪದೇ. ಹೊಳೆಲಿ ಕಲ್ಲು ಕಾಂಬಲೆ ಸುರುವಾದ ಮತ್ತೆ ಮಧ್ಯಾಹ್ನ ಜಾಲಿಂಗೆ ಕಾಲು ಮಡುಗುಲೆ ಎಡಿಯ. ಕೂಸು ಫೇನಿನ ಅಡಿಲಿ ಮನುಗಿಗೊಂಡು ಮೊಬೈಲಿಲಿ ಒಂದು ವೀಡಿಯೊ ತೋರ್ಸಿತ್ತು. ಮೆಕ್ಸಿಕೋಲಿ ಮಾವಿನಹಣ್ಣಿನ ಐಸ್‌ಕ್ಯಾಂಡಿಗೆ ಮೆಣಸಿನ ಹೊಡಿ, ಉಪ್ಪು, ನಿಂಬೆಹುಳಿ ಹಾಕಿ ತಿಂತವು. “ಚಿಕ್ಕಮ್ಮ, ಹಣ್ಣಿಂಗೆ ಆರಾರು ಮೆಣಸು ಹಾಕುಗೊ? ಇದೆಲ್ಲ ಅವಕ್ಕೇ ಹೊಳವದು” ಹೇಳಿತ್ತು.

ಎನಗೆ ನೆಗೆ ಬಂತು. “ಮಧ್ಯಾಹ್ನ ಎರಡೆರಡು ಸರ್ತಿ ಬಳುಸಿಗೊಂಡು ಉಂಡದು ಎಂತರ ಮತ್ತೆ?” ಹೇಳಿ ಕೇಳಿದೆ.

ಉಂಡದು ಕಾಟುಮಾವಿನಹಣ್ಣಿನ ಗೊಜ್ಜಿ. ಹಣ್ಣಿನ ಚೋಲಿ ತೆಗದು, ನೀರಿಲಿ ಪುರುಂಚಿ, ಉಪ್ಪು, ಬೆಲ್ಲ, ಹಸಿಮೆಣಸು ಹಾಕಿ, ಮೇಗಂದ ಸಾಸಮೆ ಒಗ್ಗರಣೆ ಕೊಟ್ಟರೆ ಆತು. ಬೇಶುವ ಕೆಲಸ ಇಲ್ಲೆ, ಕಡವ ಕೆಲಸ ಇಲ್ಲೆ. ಬಟ್ಟಲಿಲಿ ಒಂದು ಗೊರಟು ಮಡಿಕ್ಕೊಂಡು ಚೀಪದ್ದರೆ ಬೇಸಗೆ ಬಂದ ಲೆಕ್ಕವೇ ಇಲ್ಲೆ. ಹುಳಿ, ಚೀಪೆ, ಉಪ್ಪು, ಖಾರ ಎಲ್ಲ ಅದರಲ್ಲೇ ಇದ್ದು. “ಇದರ ಗಟ್ಟಿ ಮಾಡಿರೆ ನಿನ್ನ ಮೆಕ್ಸಿಕೋ ಕ್ಯಾಂಡಿ” ಹೇಳಿ, ಒಗ್ಗರಣೆ ಹಾಕದ್ದೆ ಮಡಗಿದ ಗೊಜ್ಜಿಯ ಸಣ್ಣ ಸ್ಟೀಲು ಲೋಟೆಗೊಕ್ಕೆ ಎರದು, ನೆಡುಕೆ ಒಂದೊಂದು ಚಮಚ ಕುತ್ತಿ ಫ್ರೀಜರಿಲಿ ಮಡಗಿದೆ. ಮರದಿನ ಉದಿಯಪ್ಪಗ ಕಾಪಿಂದಲೂ ಮದಲು ಕೂಸಿನ ಕೈಲಿ ಕ್ಯಾಂಡಿ.

ಗೆದ್ದೆ ಹೇಳಿ ಗ್ರೇಶಿದ್ದೆ. ಆದರೆ ಇರುಳು ಮನುಗಿಪ್ಪಗ ಒಂದು ಸಂಶಯ ಬಂತು. ಆ ಮೆಣಸು ನಮ್ಮದೋ?

ಅಲ್ಲ. ಹಸಿಮೆಣಸು, ಒಣಕ್ಕು ಮೆಣಸು, ಗಾಂಧಾರಿ ಮೆಣಸು, ಎಲ್ಲದರ ಮೂಲ ಅಮೇರಿಕಾ ಖಂಡ. ಮೆಕ್ಸಿಕೋ ಹೊಡೆಲಿ ಸಾವಿರಗಟ್ಲೆ ವರ್ಷಂದ ಬೆಳೆಶಿಗೊಂಡಿತ್ತಿದ್ದವು. ವಾಸ್ಕೋ ಡ ಗಾಮ ಕಲ್ಲಿಕೋಟೆ ಹತ್ತರೆ ಇಳುದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯ ಹಿಡುದ್ದು 1510ರಲ್ಲಿ. ಅವರ ಹಡಗಿಲಿ ಬಂದ ಬಿತ್ತು ನಮ್ಮ ಕರಾವಳಿಲಿ ಹುಟ್ಟಿತ್ತು. ಪುರಂದರದಾಸರ ಹೆಸರಿಲಿಪ್ಪ ಒಂದು ಪದಲ್ಲಿ ಮೆಣಸಿನಕಾಯಿ ಹಸುರಿಂದ ಕೆಂಪಪ್ಪ ವರ್ಣನೆ ಇದ್ದು. ದಾಸರು ತೀರಿಗೊಂಡದು 1564ರಲ್ಲಿ ಹೇಳ್ತವು. ಹಾಂಗಾರೆ ಬಂದ ಐವತ್ತರುವತ್ತು ವರ್ಷಲ್ಲೇ ಬಡವರ ಅಟ್ಟುಂಬೊಳಕ್ಕೆ ಹೊಕ್ಕಾಯಿದು!

ಅದರಿಂದ ಮದಲು ಖಾರ ಹೇಳಿರೆ ಗೆಣಮೆಣಸು, ಶುಂಠಿ, ಹಿಪ್ಪಲಿ. ಮೆಣಸು ಹೇಳುವ ಹೆಸರೇ ಗೆಣಮೆಣಸಿಂದು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಪೋರ್ಚುಗೀಸರು ಮೆಣಸಿನ ರಾಣಿ ಹೇಳಿಗೊಂಡಿತ್ತಿದ್ದವಡ, ಆ ಮೆಣಸು ಬಳ್ಳಿಲಿ ಅಪ್ಪದು, ಗೆಡುಲಿ ಅಪ್ಪದಲ್ಲ. ಹೊಸತ್ತು ಬಂದ ಮತ್ತೆ ಹಳತ್ತಕ್ಕೆ ಒಂದು ವಿಶೇಷಣ ಬೇಕಾತು. ನಾವು ಗೆಣಮೆಣಸು ಹೇಳ್ತು, ಕೆಲವು ಮನೆಲಿ ಒಳ್ಳೆಮೆಣಸು. ತುಳುವಿಲಿ ಎಡ್ಡೆಮುಂಚಿ, ಮಲೆಯಾಳಲ್ಲಿ ನಲ್ಲಮುಳಗು, ಎಲ್ಲದರ ಅರ್ಥವೂ ಒಳ್ಳೆ ಮೆಣಸು ಹೇಳಿಯೇ. ಎನಗೆ ಇದರ ಗ್ರೇಶಿರೆ ಪಾಪ ಕಾಣ್ತು. ಮನೆಗೆ ಹೊಸ ಸೊಸೆ ಬಂದ ಮತ್ತೆ ಅತ್ತೆಯ “ಅವು ಒಳ್ಳೆಯವು” ಹೇಳಿದ ಹಾಂಗೆ, ಕೆಲಸ ಪೂರಾ ಹೊಸತ್ತಕ್ಕೆ, ಒಳ್ಳೆ ಹೆಸರು ಮಾಂತ್ರ ಹಳತ್ತಕ್ಕೆ.

ಇನ್ನು ಕೂಸಿನ ಹತ್ತರೆ ಸೋತೆ ಹೇಳಿ ಒಪ್ಪೆಕ್ಕೋ? ಅದೂ ಇಲ್ಲೆ. ಮಾವು ನಮ್ಮ ಹೊಡೆಂದು. ಇಲ್ಲಿಂದ ಮೂಡ ದೇಶಂಗೊಕ್ಕೆ ಹೋಗಿ, ಫಿಲಿಪೈನ್ಸಿನ ಮನಿಲಾಕ್ಕೆ ಎತ್ತಿತ್ತು. ಮನಿಲಾಂದ ಮೆಕ್ಸಿಕೋದ ಅಕಪುಲ್ಕೊ ಬಂದರಿಂಗೆ 1565ರಿಂದ 1815ರ ವರೆಗೆ ಸ್ಪೇನಿನ ಹಡಗುಗೊ ಹೋಗಿ ಬಂದುಗೊಂಡಿತ್ತು. ಆ ದಾರಿಲಿ ಮಾವು ಅಲ್ಲಿಗೆ ಎತ್ತಿತ್ತು. ಇಂದಿಂಗೂ ಮೆಕ್ಸಿಕೋಲಿ ಒಂದು ಜಾತಿ ಮಾವಿಂಗೆ ಮನಿಲಾ ಹೇಳಿಯೇ ಹೆಸರು. ಅವರ ಮೆಣಸು ಪಡುವಂದ ನಮ್ಮಲ್ಲಿಗೆ ಬಂತು, ನಮ್ಮ ಹೊಡೆಯಾಣ ಮಾವು ಮೂಡಂದ ಅವರಲ್ಲಿಗೆ ಹೋತು. ಎರಡು ಹೊಡೆಯ ಹೆಮ್ಮಕ್ಕಳುದೆ, ಒಬ್ಬರ ಮೋರೆ ಒಬ್ಬರು ನೋಡದ್ದೆ, ಅದೆರಡನ್ನೂ ಒಂದೇ ಪಾತ್ರಲ್ಲಿ ಪುರುಂಚಿದವು. ಉಪ್ಪು ಹಾಕುಲುದೆ ಇಬ್ರಿಂಗೂ ಆರೂ ಹೇಳಿಕೊಡೆಕ್ಕಾಗಿ ಬಯಿಂದಿಲ್ಲೆ.

ಅನನಾಸಿನ ಕತೆಯೂ ಇದೇ. ಅದುದೆ ಪೋರ್ಚುಗೀಸರ ಒಟ್ಟಿಂಗೆ ಬಂದದು. ಜಹಾಂಗೀರ ಬಾದಶಹ ಅವನ ಆತ್ಮಕತೆಲಿ ಇದು ಪರಂಗಿಗಳ ಬಂದರಿಲಿ ಅಪ್ಪ ಹಣ್ಣು ಹೇಳಿ ಬರದ್ದ. ಘಟ್ಟದ ಮೇಗಾಣವು ಬಪ್ಪಂಗಾಯಿಗೆ ಪರಂಗಿಹಣ್ಣು ಹೇಳುದುದೆ ಹಾಂಗೇ. ನಮ್ಮ ನೆಲ್ಯಾಡಿ, ಇಚಿಲಂಪಾಡಿ ಹೊಡೆಲಿ ಮಲೆಯಾಳಂದ ಬಂದು ರಬ್ಬರು ಹಾಕಿದವು ತುಂಬ ಜೆನ ಇದ್ದವು, ರಬ್ಬರು ಗೆಡು ಸಣ್ಣಾಗಿಪ್ಪಗ ಎಡೆಲಿ ಅನನಾಸು ನೆಡ್ತವು. ಆಚಮನೆ ಚೇಚಿ ಸುರುವಿಂಗೆ ಎನಗೆ ಅನನಾಸು ಕೊಟ್ಟಪ್ಪಗ ಒಟ್ಟಿಂಗೆ ಒಂದು ಎಲೆಲಿ ಉಪ್ಪು, ಗಾಂಧಾರಿ ಮೆಣಸು ಗುದ್ದಿದ್ದರನ್ನುದೆ ಕೊಟ್ಟಿತ್ತು. “ಕಾಂದಾರಿ ಇಲ್ಲದ್ದೆ ತಿಂಬಲಾಗ, ನಾಲಗೆ ತುರಿಸುಗು” ಹೇಳಿತ್ತು ಅದರ ಅರ್ಧ ಕನ್ನಡಲ್ಲಿ. ಮೆಣಸಿಂದ ತುರಿಕ್ಕೆ ಹೋವ್ತೋ ಎನಗರಡಿಯ. ಉಪ್ಪಿಂದ ರಜ ಕಮ್ಮಿ ಆವ್ತಪ್ಪ. ಈಗ ಎಂಗಳ ಮನೆಲಿ ಎರಡು ಕ್ಯಾಂಡಿ, ಒಂದು ಗೊಜ್ಜಿದು, ಇನ್ನೊಂದು ಚೇಚಿದು.

ಮಾವು, ಮೆಣಸು, ಬೆಲ್ಲ ಎಲ್ಲ ಇತ್ತು. ಇಲ್ಲದ್ದೆ ಇದ್ದದು ತಂಪು ಮಾಂತ್ರ. ಅಕ್ಬರನ ಅರಮನೆಲಿ ನೀರು ತಣಿಶುಲೆ ಪೆಟ್ಲುಪ್ಪು ಉಪಯೋಗಿಸಿಗೊಂಡಿತ್ತಿದ್ದವು, ಲಾಹೋರಿಂಗೆ ಹಿಮಾಲಯಂದ ಹಿಮ ಹೊತ್ತುಗೊಂಡು ಬಂದುಗೊಂಡಿತ್ತಿದ್ದವು ಹೇಳಿ ಐನ್-ಎ-ಅಕ್ಬರಿಲಿ ಇದ್ದು. ಅದು ರಾಜರ ಮಾತು. 1833ರಲ್ಲಿ ಅಮೇರಿಕಾದ ಬೋಸ್ಟನಿಂದ ಫ್ರೆಡರಿಕ್ ಟ್ಯೂಡರ್ ಹೇಳುವ ವ್ಯಾಪಾರಿ ಕೆರೆಲಿ ಗಟ್ಟಿಯಾದ ಐಸಿನ ಕೊರದು, ಮರದ ಹೊಡಿ ಮುಚ್ಚಿ ಕಲ್ಕತ್ತಕ್ಕೆ ಕಳ್ಸಿದ. ಹೆರಟಪ್ಪಗ 180 ಟನ್ನು, ನಾಲ್ಕು ತಿಂಗಳು ಕಡಲಿಲಿ ಕರಗಿ ಕರಗಿ ಎತ್ತಿಯಪ್ಪಗ ಸುಮಾರು ನೂರು ಟನ್ನು! ಮದ್ರಾಸಿಲಿ ಆ ಐಸು ಮಡುಗುಲೆ 1842ರಲ್ಲಿ ಕಟ್ಟಿದ ಕಟ್ಟೋಣ ಈಗಳೂ ಇದ್ದು. ಚೆನ್ನೈಗೆ ಹೋದವು ಮರೀನಾ ಕರೆಲಿ ವಿವೇಕಾನಂದರ ಮನೆ ಹೇಳಿ ನೋಡ್ತಿಲ್ಲೆಯೋ, ಅದುವೇ. ವಿವೇಕಾನಂದರು 1897ರಲ್ಲಿ ಅಲ್ಲಿ ಒಂಬತ್ತು ದಿನ ಇತ್ತಿದ್ದವು. ಎಂಗೊ ಹೋದಿಪ್ಪಗ ಇವು ಫೋಟೊ ತೆಗವದರಲ್ಲಿ ಇದ್ದವು, ಆನು ಗೋಡೆ ಮುಟ್ಟಿ ನೋಡಿದೆ. ಬೆಶಿಯೇ ಇತ್ತು.

ಕಡ್ಡಿ ಕುತ್ತಿದ ಕ್ಯಾಂಡಿ ಮತ್ತೆ ಬಂದದು. 1905ರಲ್ಲಿ ಕ್ಯಾಲಿಫೋರ್ನಿಯಾದ ಫ್ರಾಂಕ್ ಎಪರ್ಸನ್ ಹೇಳ್ತ 11 ವರ್ಷದ ಮಾಣಿ ಸೋಡದ ಲೋಟೆಲಿ ಕಲಸುವ ಕಡ್ಡಿಯ ಬಿಟ್ಟು ಮರದ, ಇರುಳು ಚಳಿಗೆ ಅದು ಗಟ್ಟಿ ಆತು ಹೇಳಿ ಕತೆ. ದೊಡ್ಡಾದ ಮತ್ತೆ 1924ರಲ್ಲಿ ಪೇಟೆಂಟುದೆ ಮಾಡ್ಸಿಗೊಂಡ. ಮರದು ಬಿಟ್ಟದಕ್ಕೆ ಪೇಟೆಂಟು ಸಿಕ್ಕುತ್ತರೆ ಎನಗೆ ಎಷ್ಟು ಸಿಕ್ಕೆಕ್ಕಾತೋ!

ಎಂಗೊ ಕ್ಯಾಂಡಿ ಕಂಡದು ಪುತ್ತೂರು ಜಾತ್ರೆಲಿ. ಅಪ್ಪನ ಮನೆಂದ ಎಪ್ರಿಲ್ 17ರ ತೇರಿಂಗೆ ಹೋಪ ಕ್ರಮ. ಸೈಕಲಿನ ಹಿಂದಾಣ ಪೆಟ್ಟಿಗೆ, ಅದರೊಳ ಕೆಂಪು, ಅರಶಿನ, ಮತ್ತೆ ಬೆಲ್ಲದ ಕ್ಯಾಂಡಿ. ಬೆಲ್ಲದ ಕ್ಯಾಂಡಿಯ ಬಣ್ಣ ನೋಡಿರೇ ಬಾಯಿಲಿ ನೀರು. ಆದರೆ ಅಜ್ಜಿ ಬಿಡ. “ಅದು ಮೀನಿಂಗೆ ಹಾಕುವ ಐಸು. ಏವ ಕೆರೆಯ ನೀರೋ!” ಹೇಳುಗು. ಕರಾವಳಿಲಿ ಐಸು ಹೇಳಿರೆ ಮೀನಿನ ಪೆಟ್ಟಿಗೆಯೇ ಕಣ್ಣಿಂಗೆ ಕಾಂಬದಾದ ಕಾರಣ ಅಜ್ಜಿಯ ಹೆದರಿಕೆ ಸುಮ್ಮನೆ ಹೇಳುಲೆ ಎಡಿಯ. ಮಂಗ್ಳೂರಿಲಿ 1975ರಲ್ಲೇ ಐಡಿಯಲ್ ಐಸ್‌ಕ್ರೀಮು ಸುರುವಾಗಿತ್ತು, ಎಂಗೊಗೆ ಅದು ಮದುವೆ ಜವುಳಿಗೆ ಹೋದರೆ ಸಿಕ್ಕುವ ವಸ್ತು. ಒಂದು ವರ್ಷ ಅಣ್ಣ ಪೈಸೆ ಒಟ್ಟುಮಾಡಿ ಗುಟ್ಟಿಲಿ ಒಂದು ಬೆಲ್ಲದ ಕ್ಯಾಂಡಿ ತಂದ. ಮೂರು ಜೆನ ತೇರಿನ ಹಿಂದೆ ನಿಂದು ಚೀಪಿ, ಅಂಗಿಲಿ ಆದ ಕಲೆಂದಾಗಿ ಸಿಕ್ಕಿಬಿದ್ದೆಯೊ. ಅಜ್ಜಿ ಬೈದ್ದಿಲ್ಲೆ. ಮರದಿನ ಗೊಜ್ಜಿಯ ಹೊಸ ಮಣ್ಣಳಗೆಲಿ ಹಾಕಿ, ಚೆಂಡಿ ಹೊಯಿಗೆ ಮೇಗೆ ಮಡುಗಿ, ಹೊತ್ತೋಪಗ ತಣ್ಣಂಗೆ ಎಂಗೊಗೆ ಕುಡಿವಲೆ ಕೊಟ್ಟತ್ತು. ಅಜ್ಜಿಗೆ ಎಡಿಗಾದ ಐಸು ಅಷ್ಟೇ.

ಇಚಿಲಂಪಾಡಿಗೆ ಮದುವೆ ಆಗಿ ಬಂದ ಮತ್ತೆ ಎಂಗಳ ಮನೆಗೆ ಫ್ರಿಜ್ಜು ಬಂದದು 1998ರಲ್ಲಿ. ಅದರಿಂದ ಮದಲು ಕಾಟುಮಾವಿನ ಮಡುಗುಲೆ ಎರಡೇ ದಾರಿ: ಮೆಡಿ, ಕಾಯಿಯ ಉಪ್ಪಿಲಿ ಹಾಕಿ ಭರಣಿಲಿ ಮಡುಗುದು, ಹಣ್ಣಿನ ಎರದು ಮಾಂಬಳ ಮಾಡುದು. ಮಾಂಬಳದ ಬೆನ್ನುಬೇನೆ ಮಾಡಿದವಕ್ಕೇ ಗೊಂತು. ದಿನಾ ಹಣ್ಣು ಹೆರ್ಕಿ, ಪುರುಂಚಿ, ಹಸೆಲಿ ಪರೆ ಪರೆ ಎರದು, ಕಾಕೆ ಓಡ್ಸಿಗೊಂಡು ಬೆಶಿಲಿಲಿ ಕೂಪದು, ಮುಗಿಲು ಕಂಡರೆ ಹಸೆ ಎಳಕ್ಕೊಂಡು ಓಡುದು. ಎನ್ನ ಅತ್ತೆ ಹದಿನೈದು ದಿನ ಹೀಂಗೆ ಮಾಡುಗು. ಫ್ರೀಜರು ಆ ಕೆಲಸವ ಒಂದು ಗಂಟೆಗೆ ಇಳುಶಿತ್ತು, ಇದರ ಆರೂ ಚರಿತ್ರೆಲಿ ಬರೆತ್ತವಿಲ್ಲೆ.

ಮಾಡುವ ಕ್ರಮ ಕೇಳುಗು ನಿಂಗೊ. ಹನ್ನೆರಡು ಕಾಟುಮಾವಿನಹಣ್ಣಿಂಗೆ ಎರಡು ಲೋಟೆ ನೀರು. ಸೊನೆ ತೊಳದು, ಚೋಲಿ ತೆಗದು, ಪುರುಂಚಿ, ನಾರು ಅರಿಶಿ. ಒಂದು ಮುಷ್ಟಿ ಬೆಲ್ಲ, ಮುಕ್ಕಾಲು ಚಮಚ ಉಪ್ಪು, ನಾಲ್ಕು ಗಾಂಧಾರಿ ಮೆಣಸಿನ ಅದೇ ಉಪ್ಪಿಲಿ ಪುರುಂಚಿ ಹಾಕೆಕ್ಕು. ರುಚಿ ನೋಡುವಗ ರಜ ಜೋರಿದ್ದು ಹೇಳಿ ಕಾಣೆಕ್ಕು, ತಂಪಿಂಗೆ ನಾಲಗೆ ಮರಗಟ್ಟುತ್ತ ಕಾರಣ ಗಟ್ಟಿಯಾದ ಮತ್ತೆ ಚೀಪೆ, ಖಾರ ಎರಡೂ ಕಮ್ಮಿ ಗೊಂತಪ್ಪದು. ಹಾಂಗೆ ಹೇಳಿ ಉಪ್ಪು, ಬೆಲ್ಲ ಸಿಕ್ಕಾಬಟ್ಟೆ ಸೊರುಗಿರೆ ಗಟ್ಟಿಯೇ ಆಗ. ಎಂಟು ಗಂಟೆ ಫ್ರೀಜರಿಲಿ ಇರಲಿ. ಒಂದು ಸರ್ತಿ ಗಾಂಧಾರಿ ಬದಲು ಗೆಣಮೆಣಸು ಹೊಡಿ ಹಾಕಿ ನೋಡಿದೆ, ಹಡಗು ಬಪ್ಪ ಮದಲಾಣ ಗೊಜ್ಜಿ ಹೇಂಗಿಕ್ಕು ಹೇಳಿ. ಕೂಸು ಬೇಡ ಹೇಳಿತ್ತು, ಅತ್ತೆ ಎರಡು ತಿಂದವು. ಖಾರ ನಿಜಕ್ಕೂ ರುಚಿ ಅಲ್ಲಡ, ಬೆಶಿ ಮುಟ್ಟಿದಪ್ಪಗ ಏವ ನರ ಹೇಳ್ತೋ ಅದುವೇ ಮೆಣಸಿಂಗೂ ಹೇಳುದಡ. ಇದರ ಕಂಡುಹಿಡುದ ಡೇವಿಡ್ ಜೂಲಿಯಸ್ಸಿಂಗೆ 2021ರಲ್ಲಿ ನೊಬೆಲ್ ಸಿಕ್ಕಿತ್ತು. ಐಸಿಲಿ ಮೆಣಸು ತಿಂಬಗ ಬಾಯಿಗೆ ಬೆಶಿಯೂ ತಂಪೂ ಒಟ್ಟಿಂಗೆ ಗೊಂತಪ್ಪದು ಹಾಂಗೇ.

ಈಗ ತೊಂದರೆ ಎಂತರ ಹೇಳಿರೆ, ಈ ಗೊಜ್ಜಿಯ ಮರ. ಹಟ್ಟಿಕರೆಲಿಪ್ಪದು, ಅತ್ತೆ ಮದುವೆ ಆಗಿ ಬಪ್ಪಗಳೇ ದೊಡ್ಡ ಮರ ಆಗಿತ್ತಡ. ಅದರ ಅಡಿಲೇ ಕರೆಂಟಿನ ಲೈನು ಬತ್ತು. ಬೇಸಗೆ ಅಖೇರಿಯಾಣ ಗಾಳಿಮಳೆಗೆ ಗೆಲ್ಲು ಮುರುದು ಲೈನು ಕಡಿಗು. ಕಳುದ ಮೇ ತಿಂಗಳಿಲಿ ಎರಡು ದಿನ ಕರೆಂಟಿಲ್ಲದ್ದೆ ನಲುವತ್ತು ಕ್ಯಾಂಡಿ ನೀರಾತು. ಮರ ಫ್ರೀಜರಿನ ಕೊಲ್ಲುತ್ತು, ಫ್ರೀಜರಿಂಗೆ ಬೇಕಾದ್ದು ಅದೇ ಮರ. ಮರದ ವ್ಯಾಪಾರಿ ಎರಡು ಸರ್ತಿ ಬಂದು ಅಳತೆ ತೆಗದ. ಇವಕ್ಕೆ ಕೊಟ್ಟು ಬಿಡುವೊ ಹೇಳಿ. “ಹಣ್ಣು ಹೆರ್ಕುಲೆ ಈಗ ಆರಿದ್ದವು?” ಹೇಳಿ ಕೇಳಿದವು. ಅದರಲ್ಲಿ ತಪ್ಪಿಲ್ಲೆ, ಐದಾರು ವರ್ಷ ಹಣ್ಣು ಪೂರ ಕೊಳದೇ ಹೋಯಿದು, ಆನುದೆ ಬಗ್ಗುಲೆ ಎಡಿಯ ಹೇಳಿ ಬಿಟ್ಟಿತ್ತಿದ್ದೆ. ಆದರೆ ಕಳುದ ವರ್ಷ ಕ್ಯಾಂಡಿಯ ಆಶೆಗೆ ಕೂಸು ಉದಿಯಪ್ಪಗ ಆರು ಗಂಟೆಗೆ ಎದ್ದು ಬಾಲ್ದಿ ಹಿಡ್ಕೊಂಡು ಹೋಗಿಗೊಂಡಿತ್ತು, ಚೇಚಿಯ ಪುಳ್ಳಿಯಕ್ಕಳೂ ಬಕ್ಕು. ಅತ್ತೆ ಜೆಗಿಲಿಲಿ ಕೂದುಗೊಂಡು ಹಣ್ಣು ಲೆಕ್ಕ ಮಾಡಿದವು.

ಅಖೇರಿಗೆ ಲೈನಿನ ಮೇಗಾಣ ಎರಡು ಗೆಲ್ಲು ಕಡಿಶಿದೆಯೊ. ಮರ ಈ ವರ್ಷಕ್ಕೆ ಒಳುದ್ದು, ಬಪ್ಪ ವರ್ಷದ್ದು ಹೇಳುಲೆ ಎಡಿಯ. ಗೊರಟು ಹಾಕಿ ಹುಟ್ಟುಸಿದ ಗೆಡುಲಿ ಇದೇ ರುಚಿ ಬಕ್ಕು ಹೇಳಿ ಧೈರ್ಯ ಇಲ್ಲೆ, ಕಸಿಯೇ ಕಟ್ಟೆಕ್ಕು. ಕಡ್ಡಿ ಬೇಕಾದವು ಮಳೆ ಹಿಡಿವ ಮದಲೇ ಹೇಳಿ, ಚೆಂಡಿ ಹರ್ಕಿಲಿ ಸುತ್ತಿ ಮಡುಗುವೆ. ಬಪ್ಪಗ ಎರಡು ಲೋಟೆ, ಎರಡು ಚಮಚವುದೆ ತನ್ನಿ, ಎಂಗಳ ಮನೆದು ಎಲ್ಲ ಫ್ರೀಜರಿಲಿ ಇದ್ದು.