ಗ್ಯಾಲನ್ ಎಂದರೆ ಎಷ್ಟು ಲೀಟರ್? ಹಳೆಯ ದ್ರವಮಾನಗಳ ಪರಿವರ್ತನೆಯಲ್ಲಿ ಸರಕು, ಕಾಲ ಮತ್ತು ನಿಖರತೆ

ಹಳೆಯ ದಾಖಲೆಯಲ್ಲಿ ಗ್ಯಾಲನ್ ಲೆಕ್ಕ ಕಂಡ ಕೂಡಲೇ ಅದನ್ನು 4.546ರಿಂದ ಗುಣಿಸಿ ಲೀಟರಿಗೆ ತರುವುದು ಸುಲಭ. ಆ ಗುಣಾಕಾರದಲ್ಲಿ ದೋಷವಿಲ್ಲದೆ ಹೋದರೂ ಗುಣಕದ ಆಯ್ಕೆಯಲ್ಲಿ ದೋಷವಿರಬಹುದು. ದ್ರವಮಾನಗಳ ಪರಿವರ್ತನೆ ಮೊದಲು ಆಕರವಿಮರ್ಶೆಯ ಕೆಲಸ, ಆಮೇಲೆ ಗಣಿತದ ಕೆಲಸ ಎಂಬುದು ಈ ಲೇಖನದ ವಾದ. ಅಳೆದದ್ದು ಯಾವ ಸರಕನ್ನು, ಯಾವ ಊರಿನಲ್ಲಿ, ಯಾವ ಕಾಯಿದೆ ಜಾರಿಯಲ್ಲಿದ್ದಾಗ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವ ಮುನ್ನ ಹಾಕಿದ ಲೆಕ್ಕಕ್ಕೆ ಪ್ರಮಾಣವಾಗುವ ಯೋಗ್ಯತೆ ಇಲ್ಲ. ಇಂಗ್ಲೆಂಡಿನ ಗ್ಯಾಲನ್ ಇದಕ್ಕೆ ತಕ್ಕ ನಿದರ್ಶನ. ಅದರ ಕಾನೂನು ಚರಿತ್ರೆ ಸಾಕಷ್ಟು ಸ್ಪಷ್ಟವಾಗಿ ಉಳಿದಿದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ದ್ರವಕ್ಕೆ ಒಂದೇ ಗ್ಯಾಲನ್ ಇರಲಿಲ್ಲ. ವೈನಿನ ಗ್ಯಾಲನ್ 231 ಘನ ಅಂಗುಲ, ಅಂದರೆ ಸುಮಾರು 3.785 ಲೀಟರ್, ಏಲ್ ಮತ್ತು ಬಿಯರಿನ ಗ್ಯಾಲನ್ 282 ಘನ ಅಂಗುಲ, ಸುಮಾರು 4.621 ಲೀಟರ್. ಈ ಎರಡನ್ನೂ ಬದಿಗೊತ್ತಿ ಬಂದದ್ದು 1824ರ ಕಾಯಿದೆಯ ಇಂಪೀರಿಯಲ್ ಗ್ಯಾಲನ್. 62 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ, ವಾಯುಭಾರಮಾಪಕ 30 ಅಂಗುಲ ತೋರಿಸುವಾಗ ತೂಗಿದ ಹತ್ತು ಪೌಂಡ್ ನೀರಿನ ಗಾತ್ರವೇ ಅದರ ಅಳತೆ. ಅದು ಜಾರಿಗೆ ಬಂದದ್ದು 1826ರ ಜನವರಿ 1ರಂದು. ಆ ಹೊತ್ತಿಗೆ ಸ್ವತಂತ್ರವಾಗಿದ್ದ ಅಮೆರಿಕ ಈ ಸುಧಾರಣೆಯನ್ನು ಅನುಸರಿಸದೆ, 1832ರಲ್ಲಿ ತನ್ನ ಸುಂಕದ ಕಟ್ಟೆಗಳಿಗೆ ಹಳೆಯ ವೈನ್ ಗ್ಯಾಲನ್ನನ್ನೇ ಆರಿಸಿಕೊಂಡಿತು. ಇಂದಿನ ಅಮೆರಿಕನ್ ಗ್ಯಾಲನ್ ಬ್ರಿಟಿಷ್ ಗ್ಯಾಲನ್ನಿಗಿಂತ ಚಿಕ್ಕದಾಗಿರುವುದಕ್ಕೆ ಕಾರಣ ಇದು. 4.546 ಎಂಬ ಗುಣಕ 1826ರ ನಂತರದ ಬ್ರಿಟಿಷ್ ಆಳ್ವಿಕೆಯ ದಾಖಲೆಗಳಿಗೆ ಮಾತ್ರ ಸಲ್ಲುತ್ತದೆ.

ಕಾಯಿದೆಯ ಪುಸ್ತಕ ನೋಡಿದರೆ ಸಾಕಲ್ಲವೇ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಸಾಲದು. 1688ರಲ್ಲಿ ಲಂಡನ್ನಿನ ಗಿಲ್ಡ್‌ಹಾಲಿನಲ್ಲಿದ್ದ ವೈನಿನ ಮಾದರಿ ಗ್ಯಾಲನ್ನನ್ನು ಅಳೆದು ನೋಡಿದಾಗ ಅದು ಹಿಡಿಸಿದ್ದು 224 ಘನ ಅಂಗುಲ ಮಾತ್ರ. ಆದರೆ ಸುಂಕದ ಅಧಿಕಾರಿಗಳು ಪೀಪಾಯಿಗಳನ್ನು ಲೆಕ್ಕ ಹಾಕುತ್ತಿದ್ದದ್ದು 231ರಂತೆ. ಈ 231ಕ್ಕೆ ಶಾಸನದ ಆಧಾರ ಎಲ್ಲಿದೆ ಎಂಬ ಪ್ರಶ್ನೆ 1700ರಲ್ಲಿ ಸ್ಪೇನಿನ ವೈನ್ ತರಿಸಿದ ಆಮದುದಾರನೊಬ್ಬನ ಮೊಕದ್ದಮೆಯಲ್ಲಿ ಎದ್ದಾಗ ಸರಕಾರ ದಾವೆಯನ್ನು ಕೈಬಿಟ್ಟಿತು. ಆಮೇಲೆ, ರಾಣಿ ಆ್ಯನ್‌ಳ ಕಾಲದ ಕಾಯಿದೆಯ ಮೂಲಕ 1707ರಲ್ಲಿ 231 ಎಂಬುದು ಶಾಸನಬದ್ಧವಾಯಿತು. ಹಾಗಾಗಿ 1690ರ ಸುಂಕದ ಲೆಕ್ಕಕ್ಕೆ ಒಪ್ಪುವ ಗುಣಕ ಮಾದರಿ ಪಾತ್ರೆಯಿಂದಲೂ ಸಿಗದು, ಆ ಕಾಲದ ಶಾಸನದಿಂದಲೂ ಸಿಗದು. ಅಧಿಕಾರಿಗಳ ರೂಢಿಯಿಂದ ಸಿಗುತ್ತದೆ. ಅದೇ ವರ್ಷದ ಬೇರೆ ಬಗೆಯ ದಾಖಲೆಗೆ ಈ ಉತ್ತರ ಒಪ್ಪಬೇಕೆಂದಿಲ್ಲ. ದಾಖಲೆಯನ್ನು ಬರೆದವರು ಯಾರು, ಯಾವ ಉದ್ದೇಶಕ್ಕೆ ಬರೆದರು ಎಂಬುದೂ ಪರಿವರ್ತನೆಯ ಭಾಗವೇ.

ಗ್ಯಾಲನ್ ತೀರ್ಮಾನವಾದ ಮೇಲೂ ಪೀಪಾಯಿಯ ತೊಡಕು ಉಳಿಯುತ್ತದೆ. ಎಂಟನೆಯ ಹೆನ್ರಿಯ ಕಾಲದ ಶಾಸನದಂತೆ ಬಿಯರಿನ ಬ್ಯಾರೆಲ್ 36 ಗ್ಯಾಲನ್, ಏಲಿನದು 32. 1688ರ ಕಾಯಿದೆಯ ಬಳಿಕ ಲಂಡನ್ನಿನ ಹೊರಗೆ ಎರಡಕ್ಕೂ 34. 282 ಘನ ಅಂಗುಲದ ಗ್ಯಾಲನ್ನಿನಂತೆ ಲೆಕ್ಕ ಹಾಕಿದರೆ ಇವು ಕ್ರಮವಾಗಿ ಸುಮಾರು 166, 148 ಮತ್ತು 157 ಲೀಟರ್. ದಿನಪತ್ರಿಕೆಯಲ್ಲಿ ಕಚ್ಚಾ ತೈಲದ ಬೆಲೆ ಓದುವಾಗ ಎದುರಾಗುವ ಬ್ಯಾರೆಲ್ ಇವ್ಯಾವುದೂ ಅಲ್ಲ. ಪೆನ್ಸಿಲ್ವೇನಿಯಾದ ತೈಲ ಉತ್ಪಾದಕರು 1866ರಲ್ಲಿ ಒಪ್ಪಿಕೊಂಡ 42 ಗ್ಯಾಲನ್ನಿನ ಅಳತೆ ಅದು. ಹಳೆಯ ವೈನ್ ಗ್ಯಾಲನ್ನಿನ ಲೆಕ್ಕದಲ್ಲಿ ಅದು ಸುಮಾರು 159 ಲೀಟರ್.

ವ್ಯತ್ಯಾಸ ಅಲ್ಪ, ಒಟ್ಟು ಚಿತ್ರ ಕೆಡುವುದಿಲ್ಲ ಎಂಬುದು ಎರಡನೆಯ ಆಕ್ಷೇಪ. ವೈನಿನ ಒಂದು ಟನ್ ಪೀಪಾಯಿ 252 ಗ್ಯಾಲನ್. ವೈನ್ ಗ್ಯಾಲನ್ನಿನಂತೆ ಅದು ಸುಮಾರು 954 ಲೀಟರ್. ಇಂಪೀರಿಯಲ್ ಗುಣಕ ಬಳಸಿದರೆ 1,146 ಲೀಟರ್. ಶೇಕಡಾ 20ರಷ್ಟು ಉಬ್ಬಿದ ಅಂಕಿಯಿಂದ ತಲಾ ಬಳಕೆಯನ್ನೋ ಸುಂಕದ ದರವನ್ನೋ ಲೆಕ್ಕ ಹಾಕಿದರೆ ತೀರ್ಮಾನವೇ ಬದಲಾದೀತು. ಇದಕ್ಕೆ ಹೆದರಿ ದಶಮಾಂಶಗಳನ್ನು ಉದ್ದಕ್ಕೆ ಬರೆಯುವುದೂ ಮದ್ದಲ್ಲ. 1707ರ ಕಾಯಿದೆ ಗ್ಯಾಲನ್ನಿಗೆ ಎರಡು ವಿವರಣೆ ಕೊಟ್ಟಿತು: 7 ಅಂಗುಲ ವ್ಯಾಸ, 6 ಅಂಗುಲ ಆಳದ ದುಂಡು ಪಾತ್ರೆ, ಇಲ್ಲವೇ 231 ಘನ ಅಂಗುಲ ಹಿಡಿಸುವ ಪಾತ್ರೆ. ಪೈ ಬೆಲೆಯನ್ನು 22/7 ಎಂದು ಹಿಡಿದರೆ ಮಾತ್ರ ಎರಡೂ ಒಂದೇ. ನಿಜವಾದ ಬೆಲೆಯಿಂದ ದುಂಡು ಪಾತ್ರೆಯ ಗಾತ್ರ ಸುಮಾರು 230.907. ಶಾಸನದೊಳಗೇ ಇಷ್ಟು ಅಂತರವಿರುವಾಗ 1710ರ ಪೀಪಾಯಿಗೆ ಗ್ಯಾಲನ್ನಿಗೆ 3.785411784 ಲೀಟರ್ ಎಂದು ಬರೆಯುವುದು ಆ ಕಾಲಕ್ಕೆ ಇಲ್ಲದ ನಿಖರತೆಯನ್ನು ಹೊರಿಸಿದಂತೆ. ಇಂಪೀರಿಯಲ್ ಗ್ಯಾಲನ್ನಿನದೂ ಇದೇ ಕತೆ: 1824ರಲ್ಲಿ ಅದನ್ನು 277.274 ಘನ ಅಂಗುಲ ಎಂದು ಗಣಿಸಿದ್ದರು, ಇಂದಿನ 4.54609 ಲೀಟರ್ ಸುಮಾರು 277.42 ಘನ ಅಂಗುಲಕ್ಕೆ ಸಮ.

ಕನ್ನಡನಾಡಿನ ಆಕರಗಳಿಗೂ ಈ ವಿವೇಚನೆ ಅನ್ವಯಿಸುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರಗಳಲ್ಲಿ 1826ಕ್ಕೆ ಮುಂಚೆ ಬರುವ ಯಾವ ಗ್ಯಾಲನ್ನೂ ಇಂಪೀರಿಯಲ್ ಆಗಿರಲಾರದು. ಸ್ಥಳೀಯ ಮಾನಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 1807ರಲ್ಲಿ ಪ್ರಕಟವಾದ ಫ್ರಾನ್ಸಿಸ್ ಬುಕಾನನ್‌ನ ಮೈಸೂರು, ಕೆನರಾ, ಮಲಬಾರ್ ಪ್ರವಾಸಕಥನದಲ್ಲಿ ಸೇರಿನಂಥ ಅಳತೆಗಳು ಊರಿಂದೂರಿಗೆ ಬದಲಾಗುತ್ತವೆ. ದೇವಾಲಯಗಳ ನಂದಾದೀವಿಗೆಗೆ ಬಿಟ್ಟ ಎಣ್ಣೆಯನ್ನು ಶಾಸನಗಳು ಮಾನ, ಸೊಲಿಗೆಗಳಲ್ಲಿ ಹೇಳುವಾಗ, ಆ ಸ್ಥಳದ ಮಾದರಿ ಪಾತ್ರೆಯಾಗಲಿ ಅದರ ಗಾತ್ರವನ್ನು ಹೇಳುವ ಬೇರೆ ಆಧಾರವಾಗಲಿ ಇಲ್ಲದಿದ್ದರೆ ಲೀಟರಿನ ಅಂಕಿ ಊಹೆಯಷ್ಟೇ. ಅಂಥ ಕಡೆ ಮಾನಗಳ ಪರಸ್ಪರ ಅನುಪಾತಕ್ಕೆ ನಿಲ್ಲುವುದೇ ಲೇಸು. ಸಂಪಾದಕರು ಮೂಲದ ಮಾನವನ್ನು ಪಠ್ಯದಲ್ಲಿ ಹಾಗೆಯೇ ಉಳಿಸಿ, ಲೀಟರಿನ ಅಂಕಿಯ ಜೊತೆಗೆ ಬಳಸಿದ ಗುಣಕ, ಅದರ ಕಾಲ, ಸರಕು ಮತ್ತು ಪ್ರದೇಶವನ್ನು ತಪ್ಪದೆ ನಮೂದಿಸಬೇಕು. ಗುಣಕವನ್ನು ಹೇಳದ ಪರಿವರ್ತನೆಯನ್ನು ಮುಂದಿನ ಸಂಶೋಧಕರು ಪರೀಕ್ಷಿಸಲಾರರು; ಪರೀಕ್ಷಿಸಲಾಗದ ಅಂಕಿಯನ್ನು ಪ್ರಮಾಣವೆಂದು ಒಪ್ಪುವಂತಿಲ್ಲ.